ಟೇಬಲ್ ಸಾ ಫೆನ್ಸ್: ಹೊಂದಾಣಿಕೆ ಮತ್ತು ಆರೈಕೆ

ಮೇಜಿನಡಿಯಿಂದ ಭಾಗಶಃ ಮೇಲಕ್ಕೆ ಚಾಚಿ ತಿರುಗುವ ದುಂಡು ಗರಗಸವೇ ಟೇಬಲ್ ಸಾ. ಅಲಗಿನ ಪಕ್ಕದಲ್ಲಿ ನಿಂತು ಹಲಗೆಯನ್ನು ನೇರವಾಗಿ ನಡೆಸುವ ಉದ್ದನೆಯ ಆಸರೆಯನ್ನು ಫೆನ್ಸ್ ಎನ್ನುತ್ತಾರೆ. ಸೀಳುವ ಹಲಗೆಯ ಅಗಲವನ್ನು ನಿರ್ಣಯಿಸುವುದು ಇದೇ. ಕೆಲಸಗಾರನ ಕ್ಷೇಮವೂ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

ಅಲಗಿನ ಮುಂಬದಿಯ, ಅಂದರೆ ಕೆಲಸಗಾರನತ್ತಲಿನ ಹಲ್ಲುಗಳು ಮರವನ್ನು ಮೇಜಿಗೆ ಒತ್ತುತ್ತ ಕೊಯ್ಯುತ್ತವೆ. ಹಿಂಬದಿಯ ಹಲ್ಲುಗಳು ಮೇಲಕ್ಕೇಳುತ್ತಿರುತ್ತವೆ. ಫೆನ್ಸಿನ ಹಿಂತುದಿ ಅಲಗಿನ ಕಡೆಗೆ ವಾಲಿದ್ದರೆ ಹಲಗೆಯು ಅವೆರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಆಗ ಆ ಹಲ್ಲುಗಳು ಅದನ್ನು ಎತ್ತಿ ನಮ್ಮತ್ತಲೇ ಎಸೆಯುತ್ತವೆ. ನಿಮಿಷಕ್ಕೆ 4000 ಸುತ್ತು ತಿರುಗುವ 10 ಅಂಗುಲದ ಅಲಗಿನ ಹಲ್ಲಿಗೆ ಗಂಟೆಗೆ ಸುಮಾರು 190 ಕಿ.ಮೀ. ವೇಗವಿರುತ್ತದೆ. ಹಲಗೆಯ ಹಿಂದೆಯೇ ಕೈಯೂ ಅಲಗಿನೆಡೆಗೆ ಸೆಳೆಯಲ್ಪಡಬಹುದು.

ಹೊಂದಿಸುವ ಮೊದಲು ಪ್ಲಗ್ಗನ್ನು ಕಿತ್ತಿಡಬೇಕು. ಸ್ವಿಚ್ ಆರಿಸಿದರಷ್ಟೇ ಸಾಲದು. ಅನೇಕರು ನೇರವಾಗಿ ಫೆನ್ಸಿಗೆ ಕೈಹಾಕುತ್ತಾರೆ, ಅದು ತಪ್ಪು. ಮೇಜಿನ ಮೇಲೆ ಅಲಗಿನ ಪಕ್ಕದಲ್ಲಿ ಉದ್ದಕ್ಕೆ ಕೊರೆದಿರುವ ತೋಡಿಗೆ ಅಲಗು ಸಮಾನಾಂತರವಾಗಿದೆಯೇ ಎಂಬುದನ್ನು ಮೊದಲು ನೋಡಬೇಕು. ಒಂದು ಹಲ್ಲಿಗೆ ಗುರುತು ಹಾಕಿ, ತೋಡಿನ ಅಂಚಿನಿಂದ ಅದಕ್ಕಿರುವ ದೂರವನ್ನು ಜಾರುಪಟ್ಟಿಯ ಮೂಲೆಮಟ್ಟದಿಂದ ಮುಂಬದಿಯಲ್ಲಿ ಅಳೆಯಬೇಕು. ಅನಂತರ ಅಲಗನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂಬದಿಗೆ ತಂದು ಮತ್ತೆ ಅಳೆಯಬೇಕು. ಬೇರೆ ಹಲ್ಲನ್ನು ಹಿಡಿದರೆ ಅಲಗಿನ ಸಣ್ಣ ಸೊಟ್ಟವೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ವ್ಯತ್ಯಾಸ ಕಂಡರೆ ಅಲಗಿನ ಜೋಡಣೆಯ ಬೋಲ್ಟುಗಳನ್ನು, ಭಾರಿ ಯಂತ್ರಗಳಲ್ಲಿ ಮೇಜನ್ನು ಪೆಟ್ಟಿಗೆಗೆ ಬಿಗಿದ ಬೋಲ್ಟುಗಳನ್ನು, ತುಸು ಸಡಿಲಿಸಿ ಸರಿಪಡಿಸಬೇಕು.

ಬಳಿಕ ಫೆನ್ಸನ್ನು ತೋಡಿನ ಅಂಚಿಗೆ ತಂದು ಬಿಗಿದು, ಎರಡೂ ತುದಿಗಳನ್ನು ಬೆರಳಿನಿಂದ ಸವರಿ ನೋಡಬೇಕು. ಇಂಗ್ಲಿಷಿನ ಟಿ ಅಕ್ಷರದಾಕಾರದ ಫೆನ್ಸುಗಳಲ್ಲಿ ಮುಂದಿನ ಅಡ್ಡಪಟ್ಟಿಯಲ್ಲಿರುವ ಎರಡು ತಿರುಪುಗಳು ಕೋನವನ್ನು ಬದಲಿಸುತ್ತವೆ. ಬಿಗಿಯುವಾಗ ಫೆನ್ಸ್ ಜರುಗುವುದರಿಂದ ಪ್ರತಿಸಲವೂ ಬಿಗಿದೇ ಪರೀಕ್ಷಿಸಬೇಕು. ಪೂರ್ಣ ಸಮಾನಾಂತರವೇ ಇರಲೆಂದು ಕೆಲವರು ಹೇಳುತ್ತಾರೆ. ಹಿಂತುದಿ ಒಂದು ಕಾಗದದ ದಪ್ಪದಷ್ಟು, ಅಂದರೆ 0.1 ಮಿ.ಮೀ. ದೂರವಿದ್ದರೆ ಲೇಸೆಂಬುದು ನಮ್ಮ ಅಭಿಪ್ರಾಯ. ಅದಕ್ಕಿಂತ ಹೆಚ್ಚಾದರೆ ಆಚೆ ಬೀಳುವ ತುಂಡಿನ ಮೇಲೆ ಹಲ್ಲಿನ ಗೀರುಗಳು ಮೂಡುತ್ತವೆ. ಅಲಗಿನತ್ತ ವಾಲಿರುವುದು ಮಾತ್ರ ಎಂದಿಗೂ ಸಲ್ಲದು. ಫೆನ್ಸಿನ ಮುಖವು ಮೇಜಿಗೆ 90 ಡಿಗ್ರಿಯಲ್ಲಿರಬೇಕೆಂಬುದನ್ನೂ ಮೂಲೆಮಟ್ಟವಿಟ್ಟು ನೋಡಿಕೊಳ್ಳಬೇಕು.

ಅಳತೆಪಟ್ಟಿಯನ್ನು ಕಣ್ಣುಮುಚ್ಚಿ ನಂಬಲಾಗದು. ಒಂದು ತುಂಡನ್ನು ಸೀಳಿ, ಅಳೆದು, ಸೂಚಿಯ ಗೆರೆಯನ್ನು ಆ ಅಳತೆಗೆ ಸರಿಸಬೇಕು. ದಪ್ಪ ಬೇರೆಯಿರುವ ಅಲಗು ಹಾಕಿದಾಗ ಇದನ್ನು ಮತ್ತೆ ಮಾಡಬೇಕಾಗುತ್ತದೆ.

ನಮ್ಮ ಊರುಗಳ ಸಣ್ಣ ಕಾರ್ಯಾಗಾರಗಳಲ್ಲಿ ಸ್ವಂತವಾಗಿ ಕಟ್ಟಿದ ಮೇಜಿಗೆ ನೇರವಾದ ರೀಪರೊಂದನ್ನು ಎರಡು ಕ್ಲಾಂಪುಗಳಿಂದ ಬಿಗಿದು ಫೆನ್ಸಾಗಿ ಬಳಸುವುದುಂಟು. ಅದರಲ್ಲಿ ದೋಷವಿಲ್ಲ. ಆದರೆ ಪ್ರತಿಸಲವೂ ಹಿಂದೆ-ಮುಂದೆ ಎರಡೂ ಕಡೆ ಹಲ್ಲಿನಿಂದಲೇ ಅಳೆಯಬೇಕು. ಕಣ್ಣಳತೆ ಇಲ್ಲಿ ಸಾಲದು. ಒದ್ದೆಯಾಗಿ ಬಾಗಿದ ರೀಪರನ್ನು ಬಳಸಲೇಬಾರದು.

ಆರೈಕೆ ಕಷ್ಟದ್ದಲ್ಲ. ಫೆನ್ಸ್ ಜಾರುವ ಹಳಿಯ ಮೇಲೆ ಹುಡಿ, ಅಂಟು ಕೂತರೆ ಅದು ಓರೆಯಾಗಿ ನಿಲ್ಲುತ್ತದೆ. ಆಗಾಗ ಒರೆಸಿ ತೆಳುವಾಗಿ ಮೇಣ ಸವರಿದರೆ ಸಾಕು. ಎಣ್ಣೆಗೆ ಹುಡಿ ಅಂಟುತ್ತದೆ. ಸಿಲಿಕೋನ್ ಮರಕ್ಕೆ ತಗಲಿದರೆ ಪಾಲಿಶ್ ಹಿಡಿಯುವುದಿಲ್ಲ. ಕಾಸರಗೋಡಿನಂತಹ ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ಎರಕದ ಕಬ್ಬಿಣದ ಮೇಜು ಬೇಗನೆ ತುಕ್ಕು ಹಿಡಿಯುವುದರಿಂದ ಅದಕ್ಕೂ ಮೇಣದ ಲೇಪ ಬೇಕು. ಫೆನ್ಸಿಗೆ ಪ್ಲೈವುಡ್ ಮುಖವಿದ್ದರೆ ಅದು ಉಬ್ಬಿದೆಯೇ ಎಂದು ನೇರಪಟ್ಟಿಯಿಟ್ಟು ನೋಡಬೇಕು. ಬಿಗಿದ ಮೇಲೆ ಹಿಂತುದಿಯನ್ನು ಕೈಯಿಂದ ತಳ್ಳಿದಾಗ ಮುಂಭಾಗವೂ ಜರುಗಿದರೆ ಬಿಗಿಹಿಡಿಯ ತಿರುಪನ್ನು ಸರಿಪಡಿಸದೆ ಯಂತ್ರವನ್ನು ಚಾಲೂ ಮಾಡಬಾರದು.