ಏರ್ ಗನ್ನಿನ ಪಿಸ್ಟನ್ ವಾಷರ್: ತೊಗಲಿನಿಂದ ಟೆಫ್ಲಾನ್‌ವರೆಗೆ

ಕೆಲಸದ ಮೇಲೆ ಅಹಮದಾಬಾದ್, ವಡೋದರಾ, ಸೂರತ್ ಕಡೆ ಬಂದು ನೆಲೆಸಿರೋ ನಮ್ಮವರಿಂದ ಈಚೆಗೆ ಒಂದೇ ತರದ ಪ್ರಶ್ನೆ ಬರ್ತಾ ಇದೆ. "ಊರಲ್ಲಿ ಅಜ್ಜನ ಕಾಲದ ಏರ್ ಗನ್ ಇದೆ. ತೋಟಕ್ಕೆ ಬರೋ ಮಂಗಗಳನ್ನ ಹೆದರಿಸೋಕೆ ಇಟ್ಕೊಂಡಿದ್ದು. ಸ್ಪ್ರಿಂಗ್ ಗಟ್ಟಿಯಾಗಿದೆ, ಆದರೆ ಛರ್ರೆ ಹತ್ತಡಿ ದೂರದ ಡಬ್ಬಿಗೂ ನೆಟ್ಟಗೆ ಬಡಿಯಲ್ಲ. ಅಂಗಡಿಯವರು ವಾಷರ್ ಹೋಗಿದೆ ಅಂತಾರೆ. ಏನದು ವಾಷರ್, ನಾವೇ ಹಾಕಬಹುದಾ?"

ಹಾಕಬಹುದು. ಹೇಗೆ ಅಂತ ಕೊನೆಯಲ್ಲಿ ಹೇಳ್ತೀನಿ. ಆದರೆ ಇದು ಇತಿಹಾಸದ ಚಾನೆಲ್ಲು. ಎರಡು ರೂಪಾಯಿ ನಾಣ್ಯದಷ್ಟು ಅಗಲದ ಆ ಬಿಲ್ಲೆಯ ಹಿಂದೆ ಒಂದು ದೊಡ್ಡ ಕಥೆ ಇದೆ, ಮತ್ತು ಆ ಕಥೆಯ ಒಳ್ಳೆಯ ಪಾಲು ನಾವೀಗ ಬದುಕ್ತಾ ಇರೋ ಈ ಗುಜರಾತಿನಲ್ಲೇ ಸಿಗತ್ತೆ. ಹಾಗಾಗಿ ಮೊದಲು ಇತಿಹಾಸ, ಆಮೇಲೆ ಸ್ಕ್ರೂಡ್ರೈವರ್.

ಒಳಗೆ ಏನಾಗತ್ತೆ?

ಸ್ಪ್ರಿಂಗ್ ಏರ್ ಗನ್ನಿನಲ್ಲಿ ಮೊದಲೇ ತುಂಬಿಟ್ಟ ಗಾಳಿ ಇರಲ್ಲ. ನಳಿಗೆಯನ್ನು ಮಡಚಿದಾಗ ಒಂದು ಪಿಸ್ಟನ್ ಹಿಂದಕ್ಕೆ ಸರಿದು ಸ್ಪ್ರಿಂಗನ್ನು ಒತ್ತಿ ಕೂರತ್ತೆ. ಕುದುರೆ ಎಳೆದರೆ ಪಿಸ್ಟನ್ ಮುಂದಕ್ಕೆ ನುಗ್ಗಿ, ಎದುರಿಗಿರೋ ಗಾಳಿಯನ್ನು ಒಂದು ಸಣ್ಣ ತೂತಿನ ಕಡೆಗೆ ಅದುಮತ್ತೆ. ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತಿನ ಕೆಲಸ. ಅಷ್ಟರೊಳಗೆ ಗಾಳಿಯ ಒತ್ತಡ ಹತ್ತಾರು ಪಟ್ಟು ಏರಿ, ಗಾಳಿ ವಿಪರೀತ ಕಾದು, ಛರ್ರೆಯನ್ನು ಹೊರಗೆ ದೂಡತ್ತೆ.

ಈ ಗಾಳಿ ಪಿಸ್ಟನ್ನಿನ ಪಕ್ಕದಿಂದ ಹಿಂದಕ್ಕೆ ನುಸುಳದ ಹಾಗೆ ತಡೆಯೋದೇ ವಾಷರ್, ಅಂದ್ರೆ ಪಿಸ್ಟನ್ ಸೀಲ್. ಬಟ್ಟಲಿನ ಆಕಾರ ಅದಕ್ಕೆ, ಬಾಯಿ ಮುಂದಕ್ಕೆ. ಒತ್ತಡ ಹೆಚ್ಚಾದ ಹಾಗೆ ಬಟ್ಟಲಿನ ಅಂಚು ಹೊರಕ್ಕೆ ಬಿರಿದು ಕೊಳವೆಯ ಗೋಡೆಗೆ ಇನ್ನೂ ಬಿಗಿಯಾಗಿ ಅಂಟಿಕೊಳ್ಳತ್ತೆ. ಶತ್ರು ಜೋರಾದಷ್ಟೂ ಬಾಗಿಲು ಗಟ್ಟಿಯಾಗೋ ತರ.

ಈ ಉಪಾಯ ಬಂದೂಕಿನವರದ್ದಲ್ಲ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ನೀರಿನ ಒತ್ತಡದಿಂದ ನಡೆಯೋ ಪ್ರೆಸ್ಸಿಗೆ ಪೇಟೆಂಟ್ ತಗೊಂಡ. ಆದರೆ ನೀರು ಸೋರುತ್ತಿತ್ತು. ತಾನೇ ಬಿಗಿಯಾಗೋ ಚರ್ಮದ ಕಾಲರ್ ಹಾಕಿದ ಮೇಲೆ ಸೋರುವುದು ನಿಂತಿತು. ಅದನ್ನು ಯೋಚಿಸಿದವನು ಅವನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್ಸ್ಲಿ ಅಂತ ಹೇಳ್ತಾರೆ. ನೂರು ವರ್ಷದೊಳಗೆ ಅದೇ ಚರ್ಮದ ಬಟ್ಟಲು ಎಲ್ಲೆಲ್ಲೂ ಬಂತು. ಅಮೆರಿಕದ ಡೇಸಿ ಏರ್ ಗನ್ ಕಂಪನಿ 1880ರ ದಶಕದಲ್ಲಿ ಶುರುವಾಗಿದ್ದು ನೀರೆತ್ತೋ ಗಾಳಿಯಂತ್ರ ಮಾಡೋ ಕಂಪನಿಯಾಗಿ. ಜರ್ಮನಿಯ ಡಯಾನಾ 1890ರಲ್ಲಿ ಬಂತು. ಬರ್ಮಿಂಗ್‌ಹ್ಯಾಮಿನ ಲಿಂಕನ್ ಜೆಫ್ರೀಸ್ 1904ರಲ್ಲಿ ಪೇಟೆಂಟ್ ಪಡೆದ ಗನ್ನನ್ನು ಮರುವರ್ಷದಿಂದ ಬಿಎಸ್‌ಎ ತಯಾರಿಸಿತು. ಆ ಕಾಲದ ಪಿಸ್ಟನ್ ತುದಿಯಲ್ಲಿ ಇದ್ದಿದ್ದು ಚರ್ಮ.

ನಮಗೂ ಈ ವಸ್ತು ಹೊಸದಲ್ಲ. ಸೀಮೆಎಣ್ಣೆ ಪಂಪ್ ಸ್ಟೌ ನೆನಪಿದೆಯಾ? ಪಂಪಿಗೆ ಗಾಳಿ ಹಿಡೀದೇ ಇದ್ದಾಗ ಅಮ್ಮ ಕಡ್ಡಿ ಹೊರಗೆಳೆದು, ತುದಿಯ ಕಪ್ಪು ವಾಷರಿಗೆ ಎರಡು ಹನಿ ಎಣ್ಣೆ ಬಿಟ್ಟು, ಬೆರಳಲ್ಲಿ ಅಂಚು ಅರಳಿಸಿ ಮತ್ತೆ ತೂರಿಸ್ತಿದ್ದರು. ಸೈಕಲ್ ಪಂಪಿನಲ್ಲೂ ಅದೇ. ಏರ್ ಗನ್ನಿನ ವಾಷರ್ ಇವುಗಳ ಅಣ್ಣ ಅಷ್ಟೇ.

ಚರ್ಮ ಎಲ್ಲಿಂದ ಬಂತು, ಯಾರ ಕೈಯಿಂದ ಬಂತು?

ಇಲ್ಲಿಂದ ಕಥೆ ನಮ್ಮ ಕಡೆಗೆ ತಿರುಗತ್ತೆ. ಗಾಳಿ, ನೀರು, ಎಣ್ಣೆ ಯಾವುದನ್ನೇ ಸೋರದ ಹಾಗೆ ಹಿಡಿಯೋಕೆ ಕಾರ್ಖಾನೆಗಳ ಕಾಲಕ್ಕೂ ಮೊದಲಿದ್ದ ನೆಚ್ಚಿನ ವಸ್ತು ಚರ್ಮವೇ. ನಮ್ಮ ಹಳ್ಳಿಗಳಲ್ಲಿ ಕಪಿಲೆ ಹೊಡೆಯುತ್ತಿದ್ದರಲ್ಲ, ಎತ್ತು ಕಟ್ಟಿ ಬಾವಿಯಿಂದ ತೊಗಲಿನ ಚೀಲದಲ್ಲಿ ನೀರು ಎತ್ತೋದು, ಅದಕ್ಕೆ ಗುಜರಾತಿಯಲ್ಲಿ ಕೋಸ್ ಅಂತಾರೆ. ಅಹಮದಾಬಾದಿನ ಹಳೇ ಪೇಟೆಯಲ್ಲಿ ದಬ್ಗರ್‌ವಾಡ್ ಅಂತ ಒಂದು ಕಡೆ ಇದೆ. ಈಗ ಢೋಲು, ತಬಲಾ ಕೊಳ್ಳೋಕೆ ಹೋಗ್ತಾರೆ. ದಬ್ಗರ್ ಸಮುದಾಯದವರು ತುಪ್ಪ, ಎಣ್ಣೆ ತುಂಬೋ ಚರ್ಮದ ಪಾತ್ರೆಗಳನ್ನೂ ಮಾಡ್ತಿದ್ದರು. ಸೂರತ್ತು ಹಡಗು ಕಟ್ಟೋ ಊರಾಗಿತ್ತು. ಬೊಂಬಾಯಿಯ ಹಡಗುಕಟ್ಟೆ ಬೆಳೆಸಿದ ಲೌಜಿ ವಾಡಿಯಾ 1736ರಲ್ಲಿ ಇಲ್ಲಿಂದಲೇ ಹೋದವರು. ಆ ಕಾಲದ ಹಡಗಿನ ತಳದ ನೀರು ಎತ್ತಿ ಹಾಕೋ ಪಂಪುಗಳ ಒಳಗೂ ಚರ್ಮವೇ ಇರ್ತಿತ್ತು.

ಆಮೇಲೆ ಮಿಲ್ಲುಗಳು ಬಂದವು. ರಣಛೋಡಲಾಲ್ ಛೋಟಾಲಾಲ್ ಅವರ ಮೊದಲ ಮಿಲ್ಲು ಅಹಮದಾಬಾದಿನಲ್ಲಿ 1861ರಲ್ಲಿ ಶುರುವಾಯ್ತು. ಬಟ್ಟೆ ಮಿಲ್ಲು ಅಂದರೆ ಹತ್ತಿ ಮಾತ್ರ ಅಂದ್ಕೋತೀವಿ. ಒಳಗೆ ನೋಡಿದರೆ ಎಲ್ಲೆಲ್ಲೂ ತೊಗಲು. ಯಂತ್ರ ತಿರುಗಿಸೋ ಬೆಲ್ಟು ತೊಗಲು. ನೂಲೋ ಯಂತ್ರದ ಮೇಲಿನ ರೋಲರಿಗೆ ಹೊದಿಸಿದ್ದು ಕುರಿ ಚರ್ಮ. ಮಗ್ಗದಲ್ಲಿ ಲಾಳಿಯನ್ನು ಆ ಕಡೆಯಿಂದ ಈ ಕಡೆಗೆ ಹೊಡೆಯೋ ಪಿಕರ್ ಅನ್ನೋ ಭಾಗ ಎಮ್ಮೆ ಚರ್ಮದ್ದು.

ಈಗ ಅದೇ ಮಿಲ್ಲಿನ ಇನ್ನೊಂದು ಸಂಗತಿ ಕೇಳಿ. ದಲಿತ ಕಾರ್ಮಿಕರಿಗೆ ನೂಲೋ ವಿಭಾಗದಲ್ಲಿ ಕೆಲಸ ಸಿಗ್ತಿತ್ತು. ಕೂಲಿ ಹೆಚ್ಚಿದ್ದ ನೇಯ್ಗೆ ವಿಭಾಗಕ್ಕೆ ಅವರನ್ನು ಸೇರಿಸ್ತಿರಲಿಲ್ಲ. ಕಾರಣ ಏನು ಹೇಳ್ತಿದ್ದರು ಅಂದ್ರೆ, ಲಾಳಿಯ ಕಣ್ಣಿನಿಂದ ನೂಲನ್ನು ಬಾಯಿಯಲ್ಲಿ ಹೀರಿ ಎಳೀಬೇಕು, ಒಬ್ಬರ ಬಾಯಿ ತಾಗಿದ ಲಾಳಿಯನ್ನು ಇನ್ನೊಬ್ಬರು ಮುಟ್ಟಬೇಕು, ಮೈಲಿಗೆ ಆಗತ್ತೆ ಅಂತ. ಆ ಲಾಳಿಗೆ ದಿನವಿಡೀ ಬಡಿಯೋ ಎಮ್ಮೆ ತೊಗಲಿನ ಪಿಕರ್ ಮಾತ್ರ ಯಾರಿಗೂ ಮೈಲಿಗೆ ಅನಿಸಲಿಲ್ಲ. ಚರ್ಮ ಒಳಗೆ ಬರಬಹುದು, ಅದನ್ನು ಹದ ಮಾಡಿದ ಸಮುದಾಯ ಬರಬಾರದು.

ಇದನ್ನ ವಾಷರಿನ ಕಥೆಯಲ್ಲಿ ಯಾಕೆ ಹೇಳ್ತಿದೀನಿ ಅಂದ್ರೆ, ಬ್ರಾಮಾ ಹೆಸರು ಪುಸ್ತಕದಲ್ಲಿದೆ, ಮಾಡ್ಸ್ಲಿ ಹೆಸರಿದೆ. ಸೋರದಂಥ ಚರ್ಮ ತಯಾರು ಮಾಡೋದೂ ಒಂದು ತಂತ್ರಜ್ಞಾನ. ಗುಜರಾತಿನಲ್ಲಿ ಕರಿಜಾಲಿ ತೊಗಟೆ, ನಮ್ಮ ಕಡೆ ತಂಗಡಿ ಗಿಡದ ತೊಗಟೆ. ಸುಣ್ಣದಲ್ಲಿ ನೆನೆಸಿ, ಕೂದಲು ಕೆರೆದು, ತೊಗಟೆಯ ನೀರಿನಲ್ಲಿ ವಾರಗಟ್ಟಲೆ ಇಟ್ಟು, ಎಣ್ಣೆ ಕುಡಿಸಿ. ಎಷ್ಟು ನೆನೆಸಿದರೆ ಬಾಗತ್ತೆ, ಎಲ್ಲಿ ನಿಲ್ಲಿಸದಿದ್ದರೆ ಕೊಳೆಯತ್ತೆ ಅನ್ನೋ ಲೆಕ್ಕ ಕೈಯಲ್ಲಿತ್ತು. ಅದನ್ನು ಯಾರೂ ಎಂಜಿನಿಯರಿಂಗ್ ಅಂತ ಕರೆಯಲಿಲ್ಲ.

ಇದು ಮುಗಿದ ಕಾಲದ ಮಾತೂ ಅಲ್ಲ. 2016ರ ಜುಲೈ 11ರಂದು ಸೌರಾಷ್ಟ್ರದ ಊನಾ ಹತ್ತಿರ, ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಕುಟುಂಬದವರನ್ನು ಹೊಡೆದರು. ನಾಲ್ವರು ಯುವಕರನ್ನು ಗಾಡಿಗೆ ಕಟ್ಟಿ ಥಳಿಸಿದ ವಿಡಿಯೋ ದೇಶವೆಲ್ಲ ನೋಡಿತು. ಸುರೇಂದ್ರನಗರದ ಕಲೆಕ್ಟರ್ ಕಚೇರಿ ಮುಂದೆ ಜನ ಸತ್ತ ದನಗಳನ್ನು ತಂದು ಸುರಿದರು. ಆಗಸ್ಟಿನಲ್ಲಿ ಅಹಮದಾಬಾದಿನಿಂದ ಊನಾಕ್ಕೆ ನಡೆದ ಜಾಥಾದಲ್ಲಿ, ಇನ್ನು ಈ ಕೆಲಸ ಮಾಡಲ್ಲ ಅಂತ ಸಾವಿರಾರು ಜನ ಶಪಥ ಮಾಡಿದರು. ಎಲ್ಲರಿಗೂ ಬೇಕಾದ ವಸ್ತು, ಯಾರಿಗೂ ಬೇಡವಾದ ಕೆಲಸ. ಆ ಗಂಟು ಅಲ್ಲಿ ಬೀದಿಗೆ ಬಂತು.

ಚರ್ಮ ಹೋಗಿ ಏನು ಬಂತು?

ಅಹಮದಾಬಾದಿನಿಂದ ದಕ್ಷಿಣಕ್ಕೆ ನೂರು ಕಿಲೋಮೀಟರಿನ ಸುಮಾರಿಗೆ ವಡೋದರಾ. 1890ರಲ್ಲಿ ಸಯಾಜಿರಾವ್ ಗಾಯಕವಾಡರು ಇಲ್ಲಿ ಕಲಾಭವನ ಅನ್ನೋ ತಾಂತ್ರಿಕ ಶಾಲೆ ತೆರೆಸಿದರು. ಕೈಕೆಲಸವನ್ನು ಪಾಠವಾಗಿ ಕಲಿಸೋ ದೊಡ್ಡ ಪ್ರಯತ್ನ ಅದು. ಅದೇ ಊರಲ್ಲಿ 1917ರಲ್ಲಿ, ವಿದೇಶದಲ್ಲಿ ಓದಿ ಬಂದು ಸಂಸ್ಥಾನದ ನೌಕರಿಗೆ ಸೇರಿದ ಅಂಬೇಡ್ಕರರಿಗೆ ಉಳಿಯೋಕೆ ಒಂದು ಕೋಣೆ ಸಿಗಲಿಲ್ಲ. ಅವರು ಕೂತು ಅತ್ತ ಜಾಗ ಕಮಾಟಿ ಬಾಗ್ ಉದ್ಯಾನದಲ್ಲಿ ಈಗ ಸಂಕಲ್ಪ ಭೂಮಿ ಅಂತ ಇದೆ. ವೀಕೆಂಡಿನಲ್ಲಿ ಹೋಗಿ ನೋಡಿ.

ಸ್ವಾತಂತ್ರ್ಯದ ನಂತರ ಈ ಊರಿನ ಮುಖವೇ ಬದಲಾಯ್ತು. 1965ರಲ್ಲಿ ಕೋಯಲಿ ತೈಲ ಶುದ್ಧೀಕರಣಾಗಾರ, 1969ರಲ್ಲಿ ಐಪಿಸಿಎಲ್ ಅನ್ನೋ ಸರ್ಕಾರಿ ಪೆಟ್ರೋಕೆಮಿಕಲ್ ಕಂಪನಿ. ಕೃತಕ ರಬ್ಬರು, ಪ್ಲಾಸ್ಟಿಕ್ಕಿನ ಪಟ್ಟಿ ಇಲ್ಲಿಂದ ಸೂರತ್ತಿನವರೆಗೂ ಬೆಳೀತು. ನಡುವೆ ಭರೂಚ್ ಜಿಲ್ಲೆಯ ದಹೇಜಿನಲ್ಲಿ ಗುಜರಾತ್ ಫ್ಲೋರೋಕೆಮಿಕಲ್ಸ್ ಪಿಟಿಎಫ್‌ಇ ತಯಾರಿಸತ್ತೆ. ಪಿಟಿಎಫ್‌ಇ ಅಂದ್ರೆ ನಮ್ಮ ದೋಸೆ ತವಾದ ಟೆಫ್ಲಾನ್. 1938ರಲ್ಲಿ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದಿದ್ದು. ಇವತ್ತಿನ ಏರ್ ಗನ್ ಸೀಲುಗಳು ಹೆಚ್ಚಾಗಿ ಪಾಲಿಯುರಥೇನ್ ಅಥವಾ ಇದೇ ಪಿಟಿಎಫ್‌ಇ.

ಇದೇ ಬದಲಾವಣೆ ನಮ್ಮ ಹಳ್ಳಿಯ ಬೋರ್‌ವೆಲ್ ಹ್ಯಾಂಡ್‌ಪಂಪಿನಲ್ಲೂ ಆಯ್ತು. ಕನ್ನಡಿಗರು ಬಹಳ ಇರೋ ಸೊಲ್ಲಾಪುರದಲ್ಲಿ ಹುಟ್ಟಿದ ಪಂಪಿನ ಮಾದರಿಯಿಂದ 1970ರ ದಶಕದಲ್ಲಿ ಇಂಡಿಯಾ ಮಾರ್ಕ್ 2 ಬಂತು. ಅದರಲ್ಲಿ ಮೊದಲು ಇದ್ದಿದ್ದು ಚರ್ಮದ ಬಟ್ಟಲು ವಾಷರ್. ಅದು ಬೇಗ ಸವೆದು ಪಂಪು ಕೆಡ್ತಿತ್ತು. ಆಮೇಲೆ ನೈಟ್ರೈಲ್ ರಬ್ಬರು ಬಂತು, ರಿಪೇರಿ ಕಮ್ಮಿ ಆಯ್ತು.

ಇದು ಒಳ್ಳೇದೇ. ಚರ್ಮದ ವಾಷರಿನ ಕಾಲ ಚೆನ್ನಾಗಿತ್ತು ಅಂತ ಹಾಡೋಕೆ ನಾನು ಕೂತಿಲ್ಲ. ಸತ್ತ ದನ ಎಳೆಯೋ ಕೆಲಸವನ್ನು ಹುಟ್ಟಿನ ಮೇಲೆ ಹೊರಿಸಿದ್ದ ವ್ಯವಸ್ಥೆ ಒಂದಿಷ್ಟು ಸಡಿಲಾಗೋಕೆ ಇಂಥ ಕೃತಕ ವಸ್ತುಗಳೂ ನೆರವಾಗಿವೆ ಅಂತ ನನ್ನ ಅಭಿಪ್ರಾಯ. ಆದರೆ ಗಮನಿಸಿ, ವಸ್ತು ಬದಲಾದ ಕೂಡಲೇ ಅದನ್ನು ಮಾಡುವ ಜಾಣ್ಮೆಗೆ ಲ್ಯಾಬು, ಪೇಟೆಂಟು, ಸಂಬಳ, ಮರ್ಯಾದೆ ಎಲ್ಲ ಬಂತು. ಕೆಲಸ ಅದೇ: ಸೋರದ ಹಾಗೆ ಹಿಡಿಯೋದು.

ಈಗ ಸ್ಕ್ರೂಡ್ರೈವರ್

ಮೊದಲು ಕಾನೂನು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೌಲ್‌ಗಿಂತ ಹೆಚ್ಚು ಶಕ್ತಿಯ, ಅಥವಾ 4.5 ಮಿ.ಮೀ. (.177) ಮೀರಿದ ಬೋರಿನ ಏರ್ ಗನ್ನಿಗೆ ಲೈಸೆನ್ಸ್ ಬೇಕು. ಅಜ್ಜನ ಗನ್ನು .22 ಆಗಿದ್ದರೆ ಮುಟ್ಟೋ ಮೊದಲು ವಿಚಾರಿಸಿ. ವನ್ಯಜೀವಿ, ಹಕ್ಕಿಗಳಿಗೆ ಹೊಡೆಯೋದು 1972ರ ಕಾಯ್ದೆಯಡಿ ಅಪರಾಧ. ಗುರಿ ಹಿಡಿಯೋಕೆ ಡಬ್ಬಿ, ಕಾಗದ ಸಾಕು.

ಎರಡನೇದು, ನಿಜವಾಗಿ ವಾಷರೇ ಹೋಗಿದೆಯಾ ನೋಡಿ. ನಳಿಗೆ ಮಡಚುವ ಸಂದಿಯಲ್ಲಿ ಇನ್ನೊಂದು ಸಣ್ಣ ಸೀಲ್ ಇರತ್ತೆ. ಆ ಸಂದಿಯ ಮೇಲೆ ತೆಳು ಟಿಶ್ಯೂ ಚೂರು ಇಟ್ಟು, ಛರ್ರೆ ಹಾಕಿ, ಸುರಕ್ಷಿತ ದಿಕ್ಕಿಗೆ ಹೊಡೀರಿ. ಟಿಶ್ಯೂ ಹಾರಿದರೆ ಸೋರ್ತಿರೋದು ಅಲ್ಲಿ. ಖಾಲಿ ಗನ್ ಮಾತ್ರ ಹೊಡೀಬೇಡಿ. ಎದುರಿಗೆ ತಡೆಯಿಲ್ಲದೆ ಪಿಸ್ಟನ್ ಹೋಗಿ ಗೋಡೆಗೆ ಅಪ್ಪಳಿಸಿ ಹೊಸ ಸೀಲೂ ಹಾಳಾಗತ್ತೆ.

ಮೂರನೇದು, ಅಪಾಯ. ಸ್ಪ್ರಿಂಗು ಒಳಗೆ ಆಗಲೇ ಅರ್ಧಂಬರ್ಧ ಒತ್ತಿಕೊಂಡು ಕೂತಿರತ್ತೆ. ಪಿನ್ನು ತೆಗೆದ ಕ್ಷಣ ಹಿಂದಿನ ಬ್ಲಾಕ್ ಮುಖಕ್ಕೆ ಹಾರಬಹುದು. ಸ್ಪ್ರಿಂಗ್ ಹಿಡಿದುಕೊಳ್ಳೋ ಉದ್ದನೆಯ ಕ್ಲಾಂಪ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ, ಕಣ್ಣಿಗೆ ಕನ್ನಡಕ ಇರಲಿ. ಲೋಡ್ ಆಗಿಲ್ಲ, ಕಾಕ್ ಆಗಿಲ್ಲ ಅಂತ ಖಾತ್ರಿ ಮಾಡಿಕೊಂಡು ಮರದ ಹಿಡಿಯ ಸ್ಕ್ರೂ ಬಿಚ್ಚಿ. ಕೊಳವೆಯನ್ನು ಕ್ಲಾಂಪಿನಲ್ಲಿ ಕೂರಿಸಿ, ಒತ್ತಿ ಹಿಡಿದು, ಪಿನ್ನು ತೆಗೆದು, ನಿಧಾನಕ್ಕೆ ಸಡಿಲಿಸಿ. ಸ್ಪ್ರಿಂಗ್ ಹೊರಗೆ ಬರತ್ತೆ. ಕಾಕ್ ಮಾಡೋ ಕಡ್ಡಿಯ ಕೊಂಡಿ ಬಿಡಿಸಿದರೆ ಪಿಸ್ಟನ್ನೂ ಬರತ್ತೆ.

ಹಳೇ ಗನ್ನಿನಲ್ಲಿ ಚರ್ಮದ ಬಟ್ಟಲು ಸಾಮಾನ್ಯವಾಗಿ ಒಂದು ಸ್ಕ್ರೂನಲ್ಲಿ ನಿಂತಿರತ್ತೆ. ಹೊಸ ಚರ್ಮ ಹಾಕೋದಾದರೆ ತೊಗಟೆಯಲ್ಲಿ ಹದ ಮಾಡಿದ ದಪ್ಪ ಚರ್ಮ ತಗೊಂಡು, ನೀರಲ್ಲಿ ನೆನೆಸಿ, ಬಳೆಯಂಥ ಅಚ್ಚಿನೊಳಗೆ ಒತ್ತಿ, ಪೂರ್ತಿ ಒಣಗಿಸಿ, ಅಂಚು ಕತ್ತರಿಸಿ, ಎಣ್ಣೆ ಕುಡಿಸಬೇಕು. ಪ್ಲಾಸ್ಟಿಕ್ ಸೀಲಾದರೆ ಪಿಸ್ಟನ್ ತಲೆಗೆ ಒತ್ತಿ ಕೂರಿಸೋದು. ವಾಪಸ್ ತೂರಿಸುವಾಗ ಕೊಳವೆಯ ಸೀಳಿನ ಚೂಪು ಅಂಚು ಸೀಲನ್ನು ಕೆತ್ತತ್ತೆ. ಅಲ್ಲಿ ತೆಳು ಪ್ಲಾಸ್ಟಿಕ್ ಹಾಳೆ ಅಡ್ಡ ಹಿಡೀರಿ.

ಎಣ್ಣೆಯ ವಿಷಯದಲ್ಲಿ ಎರಡಕ್ಕೂ ಒಂದೇ ನಿಯಮ ನಡೆಯಲ್ಲ. ಚರ್ಮ ಒಣಗಿದರೆ ಸಾಯತ್ತೆ, ಅದಕ್ಕೆ ಆಗಾಗ ಎರಡು ಹನಿ ಬೇಕು. ಪ್ಲಾಸ್ಟಿಕ್ ಸೀಲಿಗೆ ಅಂಚಿನಲ್ಲಿ ಮಾಲಿಬ್ಡಿನಂ ಗ್ರೀಸಿನ ತೆಳು ಲೇಪ ಸಾಕು, ಮುಂದಗಡೆ ಎಣ್ಣೆ ಬಿಡಬಾರದು. ಬಿಟ್ಟರೆ ಕಾದ ಗಾಳಿಯಲ್ಲಿ ಎಣ್ಣೆ ಡೀಸೆಲ್ ಎಂಜಿನ್ ತರ ಹೊತ್ತಿಕೊಂಡು ಢಮ್ ಅನ್ನತ್ತೆ. ಇಂಗ್ಲೆಂಡಿನ ಕಾರ್ಡ್ಯೂ ಅನ್ನೋ ಇಬ್ಬರು 1970ರ ದಶಕದಲ್ಲಿ ಗನ್ನನ್ನು ನೈಟ್ರೋಜನ್ನಿನೊಳಗೆ ಹೊಡೆದು ನೋಡಿದರು. ಉರಿಯೋಕೆ ಆಮ್ಲಜನಕ ಇಲ್ಲದ್ದರಿಂದ ವೇಗ ತುಂಬ ಇಳೀತು. ಅಂದ್ರೆ ಮಾಮೂಲಿ ಹೊಡೆತದಲ್ಲೂ ಸ್ವಲ್ಪ ಎಣ್ಣೆ ಉರೀತಿರತ್ತೆ. ಅತಿ ಮಾಡಬೇಡಿ ಅಷ್ಟೇ.

ಇಷ್ಟು ಮಾಡಿದರೆ ಅಜ್ಜನ ಗನ್ ಮತ್ತೆ ಡಬ್ಬಿ ಬೀಳಿಸತ್ತೆ. ಬಿಚ್ಚಿದ ಹಳೇ ತೊಗಲಿನ ವಾಷರನ್ನ ಕಸಕ್ಕೆ ಹಾಕೋ ಮುಂಚೆ ಒಂದ್ಸಲ ಕೈಯಲ್ಲಿ ಹಿಡಿದು ನೋಡಿ. ಮೂವತ್ತು ನಲವತ್ತು ವರ್ಷ ದುಡಿದಿರಬಹುದು ಅದು.

ಕಾಮೆಂಟಿನಲ್ಲಿ ನನಗೊಂದು ಸಹಾಯ ಮಾಡಿ. ನಿಮ್ಮ ಊರಲ್ಲಿ ಕಪಿಲೆಯ ತೊಗಲು ಚೀಲ ಹೊಲಿದುಕೊಡ್ತಿದ್ದವರು ಯಾರು, ಆ ಕೆಲಸದ ಸಲಕರಣೆಗಳಿಗೆ ಏನು ಹೆಸರಿತ್ತು ಅಂತ ಮನೆಯ ಹಿರಿಯರನ್ನು ಕೇಳಿ ಬರೀರಿ. ಆ ಪದಗಳನ್ನೆಲ್ಲ ಸೇರಿಸಿ ಒಂದು ಸಂಚಿಕೆ ಮಾಡೋಣ. ಮತ್ತೆ ಸಿಗೋಣ, ನಮಸ್ಕಾರ.