ಕಾರಿನಲ್ಲಿ ದನಿ ಒಡೆಯುವುದೇಕೆ?



ಕಲ್ಯಾಣ-ಶೀಳ್ ರಸ್ತೆಯಲ್ಲೋ ಠಾಣೆ-ಬೇಲಾಪುರ ರಸ್ತೆಯಲ್ಲೋ ಕಾರಿನಲ್ಲೇ ಕನ್ನಡ ಕೇಳುವವರು ನಿಮ್ಮಲ್ಲಿ ಅನೇಕರಿದ್ದೀರಿ. ಸ್ಟೀರಿಯೊ ತಂದು ಭಾನುವಾರ ಕೂತು ನೀವೇ ಕೂಡಿಸಿಕೊಂಡವರೂ ಇರಬಹುದು. ದನಿ ಒಡೆದರೆ ನಾವು ಮೊದಲು ಬೈಯುವುದು ಸ್ಪೀಕರನ್ನು. ಹೊಸದನ್ನು ಕೊಳ್ಳುವ ಮೊದಲು ಕಾರ್ ರೇಡಿಯೊದ ಚರಿತ್ರೆ ಸ್ವಲ್ಪ ಓದಿ, ಹಣ ಉಳಿದೀತು.

ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಆಕಾಶವಾಣಿ ಆರಂಭಿಸಿದ್ದು 1935ರಲ್ಲಿ. ಅದಕ್ಕೆ ಐದು ವರ್ಷ ಮೊದಲೇ, ಶಿಕಾಗೋದಲ್ಲಿ ಪಾಲ್ ಗ್ಯಾಲ್ವಿನ್ ಅವರ ಕಂಪನಿ 'ಮೊಟೊರೋಲ' ಹೆಸರಿನ ಕಾರ್ ರೇಡಿಯೊ ಹೊರತಂದಿತ್ತು. ಆಗಿನ ದೊಡ್ಡ ಪೀಡೆ ಎಂಜಿನ್ನಿನ ಕಿಡಿ. ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದಾಗಲೆಲ್ಲ ರೇಡಿಯೊದಲ್ಲಿ ಚಟಪಟ! ಪ್ಲಗ್ಗಿನ ತಂತಿಗೆ ರೆಸಿಸ್ಟರ್ ಹಾಕಿ ಅದನ್ನು ಹತೋಟಿಗೆ ತಂದರು. ಇಂದು ಆ ಕಿಡಿಯ ಜಾಗಕ್ಕೆ ಆಲ್ಟರ್ನೇಟರ್ ಬಂದಿದೆ. ಆಕ್ಸಿಲರೇಟರ್ ಒತ್ತಿದಂತೆ 'ಕುಂಯ್' ಸದ್ದು ಏರಿದರೆ ಅರ್ಥಿಂಗ್ ನೋಡಿ. ಬಣ್ಣ ಕೆರೆದು, ಬರಿಯ ಲೋಹಕ್ಕೆ ತಂತಿಯನ್ನು ಬಿಗಿಯಾಗಿ ಕೂಡಿಸಿ.

ಇಂಥ ಚಟಪಟವನ್ನು ಗೆಲ್ಲಲೆಂದೇ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಎಫ್‌ಎಂ ರೂಪಿಸಿ 1933ರಲ್ಲಿ ಪೇಟೆಂಟ್ ಪಡೆದರು. ಮುಂಬಯಿಗೆ ಖಾಸಗಿ ಎಫ್‌ಎಂ ಕೇಂದ್ರಗಳು ಬಂದದ್ದು 2002ರಲ್ಲಿ. ಆದರೆ ಎಫ್‌ಎಂ ಅಲೆಗೆ ಬೆಟ್ಟ, ಬಹುಮಹಡಿ ಕಟ್ಟಡಗಳು ಅಡ್ಡಿ. ಮುಂಬ್ರಾ ಬೈಪಾಸ್‌ನಲ್ಲಿ, ಪಾರಸಿಕ್ ಬೆಟ್ಟದ ಮಗ್ಗುಲಲ್ಲಿ ಮಾತ್ರ ದನಿ ಒಡೆದು, ಅಲ್ಲೇ ಪೆನ್‌ಡ್ರೈವ್ ಹಾಡು ಸ್ವಚ್ಛವಾಗಿ ಕೇಳಿದರೆ ನಿಮ್ಮ ಸ್ಪೀಕರ್ ತಂತಿಗಳನ್ನು ಮುಟ್ಟಬೇಡಿ.

ಮೂರನೆಯದು ಹಳೆಯ ರೂಢಿ. ಹಿಂದಿನ ಎಷ್ಟೋ ಕಾರ್ ರೇಡಿಯೊಗಳಲ್ಲಿ ಸ್ಪೀಕರಿನ ಒಂದು ತಂತಿಯನ್ನು ಕಾರಿನ ಬಾಡಿಗೇ ಕೂಡಿಸುತ್ತಿದ್ದರು. ಇಂದಿನ ಸ್ಟೀರಿಯೊಗಳಿಗೆ ಇದು ಆಗದು. ಪ್ರತಿ ಸ್ಪೀಕರಿಗೂ ಎರಡೆರಡು ತಂತಿ ಪ್ರತ್ಯೇಕವಾಗಿ ಬರಬೇಕು. ಯಾವುದೂ ಬಾಡಿಗೆ ತಾಗಬಾರದು. ತಾಗಿದರೆ ದನಿ ಕೆಡುತ್ತದೆ, ಸ್ಟೀರಿಯೊ ಸುಟ್ಟರೂ ಸುಟ್ಟೀತು.

ಕೊನೆಯದು ಪೆಟ್ಟಿಗೆಯ ಮೇಲಿನ '50 ವ್ಯಾಟ್ x 4'. ಎಂಜಿನ್ ಓಡುವಾಗ ಸಿಗುವುದು ಸುಮಾರು 14 ವೋಲ್ಟ್. ಸ್ಪೀಕರ್ ಸಾಮಾನ್ಯವಾಗಿ 4 ಓಮ್. 14ನ್ನು 14ರಿಂದ ಗುಣಿಸಿ 4ರಿಂದ ಭಾಗಿಸಿ: 49! ಇದು ಸ್ವರದ ಅಲೆಯ ತಲೆ ಕತ್ತರಿಸಿ ಚಪ್ಪಟೆಯಾದಾಗ ಸಿಗುವ ಶಕ್ತಿ. ಸ್ವಚ್ಛ ಸ್ವರಕ್ಕೆ ಅದರ ಅರ್ಧವೂ ದಕ್ಕದು. ವಾಲ್ಯೂಮ್ ಏರಿಸಿದಾಗ ಮಾತ್ರ ದನಿ ಒಡೆದರೆ ಕಾರಣ ಇದೇ. ಬಾಸ್ ಇಳಿಸಿ, ವಾಲ್ಯೂಮ್ ತಗ್ಗಿಸಿ. ಬೇರೆ ಆಂಪ್ಲಿಫೈಯರ್ ಇದ್ದರೆ ಅದರ ಗೇನ್ ಕಡಿಮೆ ಮಾಡಿ. ಗೇನ್ ಎಂದರೆ ಇನ್ನೊಂದು ವಾಲ್ಯೂಮ್ ಅಲ್ಲ. ಚಪ್ಪಟೆಯಾದ ಅಲೆ ಮೊದಲು ಬಲಿ ತೆಗೆದುಕೊಳ್ಳುವುದು ಪುಟ್ಟ ಟ್ವೀಟರನ್ನು. ಅದು ಹೋದರೆ 'ಸ', 'ಶ', 'ಷ' ಎಲ್ಲ ಮಂಕು. ಕನ್ನಡದ ಮಾತೇ ಮಬ್ಬು.

ಒಂದು ಎಚ್ಚರಿಕೆ: ಬ್ಯಾಟರಿಯಿಂದ ನೇರ ತಂತಿ ಎಳೆದಿದ್ದರೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ. ಅದಿಲ್ಲದೆ ತಂತಿ ಉಜ್ಜಿ ಬಾಡಿಗೆ ತಾಗಿದರೆ ಬೆಂಕಿಯೇ ಹತ್ತಬಹುದು. ತಂತಿ ಮುಟ್ಟುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಡಲು ಮರೆಯದಿರಿ.