ಅಘನಾಶಿನಿ ಅಳಿವೆಯ ಕೆಸರುಬಯಲು

ಸಹ್ಯಾದ್ರಿಯಲ್ಲಿ ಜನಿಸಿ, ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಹರಿದು, ಕುಮಟಾ ತಾಲ್ಲೂಕಿನಲ್ಲಿ ಕಡಲನ್ನು ಸೇರುವ ಅಘನಾಶಿನಿಯು ರಚಿಸಿರುವ ಈ ಬಯಲು, ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ತೆರೆದುಕೊಳ್ಳುತ್ತ, ನಿರ್ಜೀವವೆಂದು ತೋರಿದರೂ ಅಸಂಖ್ಯ ಅಕಶೇರುಕಗಳಿಗೆ ಆಶ್ರಯವಾಗಿರುವುದು.

ಕಾಂಡ್ಲಾವನದ ಉದುರೆಲೆಗಳು ಕೊಳೆತುಂಟಾದ ಕಣಗಳನ್ನೂ ಕೆಸರಿನ ಮೇಲ್ಪದರದ ಸೂಕ್ಷ್ಮ ಪಾಚಿಯನ್ನೂ ಉಂಡು ಹುಳುಗಳೂ ಏಡಿಗಳೂ ಬೆಳೆಯುವುವು. ಬೆಳಚು ಮೊದಲಾದ ಚಿಪ್ಪುಜೀವಿಗಳು ನೀರನ್ನು ಸೋಸಿ ಆಹಾರವನ್ನು ಗ್ರಹಿಸುವುವು. ಆದರೆ ಈ ಉತ್ಪಾದಕತೆಯು ಸರ್ವತ್ರ ಸಮಾನವಲ್ಲ: ಪ್ರವಾಹವು ಆಹಾರವನ್ನು ತರುವ ಮರಳುಮಿಶ್ರಿತ ನೆಲವು ಸೋಸಿ ಉಣ್ಣುವ ಜೀವಿಗಳಿಗೂ, ಶಾಂತ ಜಲದ ಮೆತ್ತನೆಯ ಕೆಸರು ಮಣ್ಣನ್ನು ಮೇಯುವ ಹುಳುಗಳಿಗೂ ಅನುಕೂಲವಾಗಿದ್ದು, ಮಳೆಗಾಲದ ಸಿಹಿನೀರು ಲವಣಾಂಶವನ್ನು ಕುಗ್ಗಿಸಿದಾಗ ಅನೇಕ ಪ್ರಭೇದಗಳು ಕ್ಷೀಣಿಸುವುವು.

ಮೀನುಗಳಿಗೂ ವಲಸೆಹಕ್ಕಿಗಳಿಗೂ ಆಹಾರವನ್ನೂ, ಬೆಳಚು ಆಯುವ ತೀರವಾಸಿಗಳಿಗೆ ಜೀವನೋಪಾಯವನ್ನೂ ಒದಗಿಸುವ ಈ ಅಳಿವೆಯು 2024ರಲ್ಲಿ ರಾಮ್ಸರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು, ಘೋಷಿತವಾಯಿತು.